ಹತ್ತೊಂಬತ್ತರ ಹುಡುಗನ ಹತ್ತು ಗೆಲುವು

ಮಾನ್ಯರೇ,

ಜುಲೈ 22 ಬಂದಾಗಲೆಲ್ಲ ನನಗೆ ಇಂದ್ರಲಾಲ್ ರಾಯ್ ನೆನಪಾಗುತ್ತಾರೆ. 1898ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದಿದವರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಯುದ್ಧವಿಮಾನ ಹಾರಿಸಿದರು.

1917ರ ಡಿಸೆಂಬರಿನಲ್ಲಿ ಇವರ ವಿಮಾನ ನೆಲಕ್ಕಪ್ಪಳಿಸಿತು. ಇನ್ನು ಹಾರೋದು ಬೇಡ ಅಂದರು ವೈದ್ಯರು. ಈ ಹುಡುಗ ಕೇಳಬೇಕಲ್ಲ! ಚೇತರಿಸಿಕೊಳ್ಳುವಾಗಲೂ ವಿಮಾನಗಳ ಚಿತ್ರವನ್ನೇ ಬಿಡಿಸುತ್ತಿದ್ದರಂತೆ. ಹಟ ಹಿಡಿದು 1918ರ ಜೂನ್‌ನಲ್ಲಿ ಫ್ರಾನ್ಸಿಗೆ ಮರಳಿದರು. ಜುಲೈನಲ್ಲಿ ಎರಡೇ ವಾರದಲ್ಲಿ ಶತ್ರು ವಿಮಾನಗಳ ಮೇಲೆ ಹತ್ತು ಗೆಲುವು. ಕೆಲವನ್ನು ಜೊತೆಗಾರರೊಂದಿಗೆ ಹಂಚಿಕೊಂಡದ್ದು, ಆದರೂ ಸಣ್ಣ ಮಾತಲ್ಲ. 22ರಂದು ಕಾರ್ವೆನ್ ಎಂಬಲ್ಲಿ ಜರ್ಮನ್ ಫೋಕರ್ ವಿಮಾನಗಳ ಜತೆ ಕಾದಾಡುತ್ತಾ ಮಡಿದರು. ವಯಸ್ಸು ಬರೀ 19. ಆಮೇಲೆ ಬ್ರಿಟನ್ನಿನ ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಶೌರ್ಯ ಪದಕ ಬಂತು. ಅದನ್ನು ಪಡೆದ ಮೊದಲ ಭಾರತೀಯ ಇವರೇ.

ಪರರ ಯುದ್ಧ, ಪರರ ಬಾವುಟ, ನಮಗ್ಯಾಕೆ ಅನ್ನುವವರೂ ಇದ್ದಾರೆ. ಇರಲಿ. ಫ್ರಾನ್ಸಿನ ಎಸ್ತೆವೆಲ್ ಊರಿನಲ್ಲಿರುವ ಇವರ ಸಮಾಧಿಯ ಮೇಲೆ ಬಂಗಾಳಿ ಸಾಲುಗಳಿವೆ. ಯಲಹಂಕದ ಏರೋ ಇಂಡಿಯಾಗೆ ಮಕ್ಕಳು ಅಷ್ಟೊಂದು ಬರ್ತಾರೆ, ಅಲ್ವಾ? ಮುಂದಿನ ಸಲ ಅಲ್ಲೊಂದು ಮೂಲೆಯಲ್ಲಿ ಈ ಹುಡುಗನ ಫೋಟೊ ಇಡಲಿ.

– ಒಬ್ಬ ಓದುಗ, ಬೆಂಗಳೂರು