ಮದುವೆಯಾದ ಕೂಡಲೇ ಗ್ರೀನ್ ಕಾರ್ಡ್ ಬರುವುದಿಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿ (ಕಂಪನಿ ಕೆಲಸಕ್ಕೆ ಕೊಡುವ ತಾತ್ಕಾಲಿಕ ವೀಸಾ) ಇರುವ ನಮ್ಮೂರ ಹುಡುಗ ಅಲ್ಲಿನ ಪೌರತ್ವ ಇರುವ ಹುಡುಗಿಯನ್ನು ಮದುವೆಯಾದ ಅಂದ್ರೆ ಸಾಕು, ‘ಇನ್ನೇನು, ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ಬಂದ ಹಾಗೇ’ ಅಂತ ಮಂಗಳೂರು, ಉಡುಪಿ ಕಡೆ ಎಲ್ಲರೂ ಹೇಳಿಬಿಡುತ್ತಾರೆ. ಹಾಗಲ್ಲ. ಹೆಂಡತಿ ‘ಇವರು ನನ್ನ ಗಂಡ’ ಅಂತ ತೋರಿಸುವ ಐ-130 ಅರ್ಜಿ ಹಾಕಬೇಕು, ಗಂಡ ಅಲ್ಲೇ ಇದ್ದುಕೊಂಡು ಗ್ರೀನ್ ಕಾರ್ಡ್ ಕೇಳುವ ಐ-485 ಅರ್ಜಿ ಹಾಕಬೇಕು, ಕಾರ್ಡ್ ಕೈಗೆ ಬರುವವರೆಗೆ ಎಚ್-1ಬಿ ಕೆಲಸ ಉಳಿಸಿಕೊಳ್ಳುವುದೇ ಕ್ಷೇಮ, ಯಾಕಂದ್ರೆ ಅರ್ಜಿ ತಿರಸ್ಕಾರವಾದರೆ ಅಲ್ಲಿ ಉಳಿಯಲು ಅದೇ ಆಧಾರ. ಮದುವೆಗೆ 2 ವರ್ಷ ತುಂಬುವ ಮೊದಲೇ ಕಾರ್ಡ್ ಸಿಕ್ಕರೆ ಅದರ ಅವಧಿಯೂ 2 ವರ್ಷ ಮಾತ್ರ. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ, ಕಾರ್ಡ್ ಕಾಯಂ ಮಾಡಿಸಿಕೊಳ್ಳುವ ಐ-751 ಅರ್ಜಿ ಹಾಕಬೇಕು.

ಈ ಅರ್ಜಿಗಳಿಗೆ ಮದುವೆ ನೋಂದಣಿ ಪತ್ರ, ಜನನ ಪ್ರಮಾಣಪತ್ರ ಎಲ್ಲ ಬೇಕು. ನಮ್ಮ ಅಕ್ಕನ ಮಗನದ್ದೂ ಇದೇ ಕಥೆ. ಕದ್ರಿಯಲ್ಲಿ ಜೋರಾಗಿ ಮದುವೆ ಆಯ್ತು, ಆಲ್ಬಮ್ ಬಂತು, ಆಮಂತ್ರಣ ಪತ್ರಿಕೆಯೂ ಇತ್ತು, ನೋಂದಣಿ ಮಾತ್ರ ಮಾಡಿಸಿರಲಿಲ್ಲ. ಹುಡುಗನ ಜನನ ಪ್ರಮಾಣಪತ್ರ ತೆಗೆದು ನೋಡಿದರೆ ಮಗುವಿನ ಹೆಸರಿನ ಜಾಗವೇ ಖಾಲಿ! ಹುಡುಗ ಅಲ್ಲಿ, ಅಕ್ಕ ಇಲ್ಲಿ ಕಚೇರಿಗಳಿಗೆ ಅಲೆದು ಸುಸ್ತಾದಳು. ಮಕ್ಕಳು ರಜೆ ಮುಗಿಸಿ ವಿಮಾನ ಹತ್ತುವ ಮೊದಲೇ ಮದುವೆ ನೋಂದಣಿಗೆ ಉಪನೋಂದಣಾಧಿಕಾರಿ ಕಚೇರಿಗೆ ಕರೆದುಕೊಂಡು ಹೋಗಿ. ಕಾಗದದಲ್ಲಿ ಮಾತ್ರ ಮದುವೆ ಮಾಡಿಕೊಳ್ಳಿ ಅನ್ನುವ ಏಜೆಂಟರನ್ನು ದಯವಿಟ್ಟು ಹತ್ತಿರ ಸೇರಿಸಬೇಡಿ, ಅಲ್ಲಿ ಅದು ಜೈಲಿಗೆ ಹೋಗುವಂಥ ಅಪರಾಧ.

— ಓದುಗ, ಬಿಜೈ, ಮಂಗಳೂರು