ಮಾವಿನ ನೆರಳಿಗೊಂದು ಗಡ್ಡೆ ಹೂ

ಟೊರೊಂಟೊ
ಮೇ ತಿಂಗಳು

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿ ಮಾಡುವ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ.

ಫೋಟೊದಲ್ಲಿ ನೋಡಿದ ಬಿಳಿ ಹೂವಿನ ಗಡ್ಡೆ ತಂದುಕೊಡು, ಮಂಡ್ಯದ ಹಿತ್ತಲಲ್ಲಿ ಮಾವಿನ ಮರದ ಕೆಳಗೆ ಹಾಕೋಣ ಎಂದಿದ್ದೆಯಲ್ಲ. ಅದರ ಹೆಸರು ಟ್ರಿಲಿಯಂ. 1937ರಿಂದ ಒಂಟಾರಿಯೊ ಪ್ರಾಂತ್ಯದ ಹೂವು. ಮಂಡ್ಯದಲ್ಲಿ ಅದು ಬರುವುದಿಲ್ಲ ಅಕ್ಕ. ಮಣ್ಣು ತಿಂಗಳುಗಟ್ಟಲೆ ಕೊರೆಯುವಷ್ಟು ತಣ್ಣಗಿರದಿದ್ದರೆ ಅದರ ಮೊಳಕೆ ಏಳುವುದಿಲ್ಲ; ನಮ್ಮ ಮಾಗಿ ಚಳಿ ಅದಕ್ಕೆ ಯಾತಕ್ಕೂ ಸಾಲದು. ಪರವಾನಗಿ ಇಲ್ಲದೆ ಗಡ್ಡೆ ತರುವಂತೆಯೂ ಇಲ್ಲ. ಆದರೆ ಅದನ್ನು ಬೆಳೆಸುವ ಕ್ರಮ ನಿನ್ನ ಹಿತ್ತಲಿಗೂ ಉಪಯೋಗಕ್ಕೆ ಬರುತ್ತದೆ.

ಒಂದು ದಂಟು, ಮೂರು ಎಲೆ, ಮೇಲೆ ಮೂರು ದಳದ ಒಂದೇ ಹೂವು. ಅರಳುವಾಗ ಅಚ್ಚ ಬಿಳಿ, ಬಾಡುವ ಮೊದಲು ನಸುಗುಲಾಬಿ. ಇಲ್ಲಿನ ಕಾಡಿನ ಮೇಪಲ್ ಮರ ಚಿಗುರಿ ನೆರಳು ಕಟ್ಟುವ ಮುಂಚಿನ ಕೆಲವು ವಾರಗಳ ಬಿಸಿಲೇ ಅದರ ಮುಖ್ಯ ಊಟ. ಹೂವಿನ ಜೊತೆ ಆ ಮೂರು ಎಲೆಗಳನ್ನೂ ಕಿತ್ತರೆ ಆ ವರ್ಷ ಬೇರೆ ಎಲೆ ಬರುವುದಿಲ್ಲ. ಗಡ್ಡೆ ಉಪವಾಸ ಬಿದ್ದು ಸೊರಗುತ್ತದೆ.

ನೆಡುವುದು ಸೆಪ್ಟೆಂಬರಿನಲ್ಲಿ: 10 ಸೆಂಟಿಮೀಟರ್ ಆಳ, ಮೊಗ್ಗು ಮೇಲ್ಮುಖ, ಗಡ್ಡೆಯಿಂದ ಗಡ್ಡೆಗೆ ಒಂದಡಿ. ಅರ್ಧ ಮಣ್ಣು, ಅರ್ಧ ಎಲೆಗೊಬ್ಬರ. ಮೇಲೆ 5 ಸೆಂಟಿಮೀಟರ್ ಪುಡಿ ಮಾಡಿದ ತರಗೆಲೆ. ಇಡೀ ಎಲೆ ಹಾಕಿದರೆ ಹಿಮಕ್ಕೆ ನೆನೆದು, ಒದ್ದೆ ಕಾಗದದ ಹಾಗೆ ಒಂದಕ್ಕೊಂದು ಅಂಟಿ, ಮೊಳಕೆಯನ್ನು ಅದುಮಿಬಿಡುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಎಲೆ ಹಳದಿಯಾಗಿ ಗಿಡ ಮಾಯ. ಸತ್ತಿತೆಂದು ಅಗೆದು ಕೆಡಿಸುವವರೇ ಹೆಚ್ಚು, ಅದಕ್ಕೇ ಪಕ್ಕದಲ್ಲಿ ಕಡ್ಡಿ ನೆಡಬೇಕು. ಬೀಜಕ್ಕೆ ಅಂಟಿದ ಕೊಬ್ಬಿನ ತುಣುಕಿಗಾಗಿ ಇರುವೆಗಳು ಬೀಜವನ್ನು ಗೂಡಿಗೆ ಹೊತ್ತೊಯ್ದು, ಆ ತುಣುಕನ್ನಷ್ಟೇ ತಿಂದು ಬೀಜ ಬಿಸಾಕುತ್ತವೆ. ಬಿತ್ತನೆ ಆಗುವುದು ಹಾಗೆ. ಎರಡು ಚಳಿಗಾಲ ಕಳೆದ ಮೇಲೆ ಮೊದಲ ಒಂಟಿ ಎಲೆ, ಹೂವಿಗೆ 7ರಿಂದ 10 ವರ್ಷ. ಅಷ್ಟು ವರ್ಷ ಸಾಕಿದ ಗಿಡ ಅಗ್ಗಕ್ಕೆ ಸಿಗುತ್ತಿದ್ದರೆ ಕಾಡಿನಿಂದ ಕಿತ್ತು ತಂದದ್ದಿರಬೇಕೆಂದು ಅನುಮಾನಪಡಬೇಕು. ದಳದಲ್ಲಿ ಹಸಿರು ಪಟ್ಟೆ ಕಂಡರೆ ಹೊಸ ತಳಿಯೆಂದು ಆಸೆಪಡುತ್ತಾರೆ. ಅದು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನಿಂದ ಬರುವ ರೋಗ.

ನಿನ್ನ ಮಾವಿನ ಬುಡಕ್ಕೆ ಸರಿಹೊಂದುವುದು ನಮ್ಮ ನೆಲಸಂಪಿಗೆ. ಅದೂ ನೆರಳಿನ ಗಡ್ಡೆ, ಅದೂ ವರ್ಷದಲ್ಲಿ ಕೆಲವು ತಿಂಗಳು ಮಾಯವಾಗುವಂಥದ್ದು. ಬೇಸಿಗೆಯಲ್ಲಿ ಎಲೆಯೇ ಇಲ್ಲದ ನೆಲದಿಂದ ನೇರವಾಗಿ ಬಿಳಿ-ನೇರಳೆ ಹೂ ಎದ್ದು ಘಮ್ಮೆನ್ನುತ್ತದೆ, ಎಲೆ ಆಮೇಲೆ.

ಎಲೆ ಒಣಗಿರುವ ಶಿವರಾತ್ರಿಯ ಸುಮಾರಿಗೆ ಗಡ್ಡೆ ಬಿಡಿಸು. ಪ್ರತಿ ತುಂಡಿಗೂ ಒಂದು ಮೊಗ್ಗು, ಎರಡು ಮೂರು ಉಂಡೆ ಬೇರು ಇರಲಿ. ನೆಡುವಾಗ ಮರದ ಬುಡದಿಂದ ನಾಲ್ಕೈದು ಅಡಿ ದೂರ ಬಿಡು, ಹತ್ತಿರ ಮಾವಿನ ಬೇರು ಜಾಗ ಕೊಡುವುದಿಲ್ಲ. 5 ಸೆಂಟಿಮೀಟರ್ ಆಳ ಸಾಕು. ಕೆಮ್ಮಣ್ಣು ಎರಡು ಪಾಲು, ಎಲೆಗೊಬ್ಬರ ಎರಡು ಪಾಲು, ಮರಳು ಒಂದು ಪಾಲು. ಕೆರೆ ಗೋಡು ಬೇಡವೇ ಬೇಡ. ಗದ್ದೆಗೆ ಅದು ಬಂಗಾರ, ಈ ಗಡ್ಡೆಗೆ ನೀರು ಹಿಡಿದು ಕೊಳೆಸುತ್ತದೆ. ಮೊಗ್ಗು ಕಾಣುವವರೆಗೆ ಮಣ್ಣು ನಸು ಒದ್ದೆಯಿದ್ದರೆ ಸಾಕು. ಚಳಿಗಾಲದಲ್ಲಿ ಎಲೆ ಒಣಗಿದ ಮೇಲೆ ನೀರು ಪೂರ್ತಿ ನಿಲ್ಲಿಸು. ಆಗ ಯಾರೂ ಅಲ್ಲಿ ಗುದ್ದಲಿ ಹಾಕದಂತೆ ಸುತ್ತ ನಾಲ್ಕು ಕಲ್ಲು ಇಡು.

ಎಲೆಗೊಬ್ಬರ ಕೊಳ್ಳಬೇಕಾಗಿಲ್ಲ. ದಿನಾ ಗುಡಿಸಿ ಬೆಂಕಿ ಹಾಕುವ ತರಗೆಲೆಯೇ ಅದು, ಅದನ್ನು ಸುಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಮಾವಿನೆಲೆ ದಪ್ಪ, ಬೇಗ ಕೊಳೆಯುವುದಿಲ್ಲ. ಮಚ್ಚಿನಿಂದ ಕೊಚ್ಚಿ ಗುಂಡಿಗೆ ತುಂಬಿ, ಪದರಕ್ಕೊಮ್ಮೆ ಸಗಣಿ ಬಗ್ಗಡ ಚಿಮುಕಿಸು. ತಿಂಗಳಿಗೊಮ್ಮೆ ಮಗುಚಿ ಹಾಕು. ಈ ಮಳೆಗಾಲಕ್ಕೆ ಮೊದಲು ತುಂಬಿದರೆ ಶಿವರಾತ್ರಿಗೆ ಕೈಗೆ ಬರುತ್ತದೆ.

ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಗುಂಡಿ ತೋಡಿದ ಮೇಲೆ ಒಂದು ಫೋಟೊ ಕಳಿಸು.

ಇತಿ,
ನಿನ್ನ ತಂಗಿ