ಪುಡಿ ಅದಿರು, ಮಳೆ ನೀರು: ಸಂಡೂರಿನ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಚೆಕ್ ಡ್ಯಾಂ ಕಟ್ಟಿದ ಮೇಲೂ ಹಳ್ಳದ ನೀರು ಯಾಕೆ ಕೆಂಪಗೆ ಹರಿಯುತ್ತದೆ, ಕೆರೆಗೆ ಹೂಳು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀಯ. ಪಂಚಾಯ್ತಿ ಸದಸ್ಯನಾದ ಮೇಲೆ ಜನ ನಿನ್ನನ್ನು ದಿನಾ ಇದನ್ನೇ ಕೇಳುತ್ತಿರಬೇಕು. ಇದಕ್ಕೆ ಉತ್ತರ ಕೊಡಬೇಕಾದರೆ ಚೀನಾದ ಉಕ್ಕಿನ ಕಾರ್ಖಾನೆಯಿಂದ ಶುರು ಮಾಡಬೇಕು.

ನಿಮ್ಮ ಗುಡ್ಡದ ಹೆಮಟೈಟ್ ಎಂಬ ಕಬ್ಬಿಣದ ಅದಿರನ್ನು ಒಡೆದು ಜರಡಿ ಹಿಡಿದಾಗ 10 ಮಿಲಿಮೀಟರ್‌ಗಿಂತ ದಪ್ಪ ಉಳಿದದ್ದು ಲಂಪ್ಸ್, ಕೆಳಗೆ ಬಿದ್ದದ್ದು ಫೈನ್ಸ್, ಅಂದರೆ ಪುಡಿ. ಪುಡಿಯನ್ನು ಕಬ್ಬಿಣ ಕರಗಿಸುವ ಊದುಕುಲುಮೆಗೆ ನೇರ ಸುರಿದರೆ ಬಿಸಿಗಾಳಿಯ ದಾರಿ ಕಟ್ಟಿಹೋಗುತ್ತದೆ. ಅದನ್ನು ಮೊದಲು ಸುಣ್ಣಕಲ್ಲು, ಕೋಕ್ ಪುಡಿ ಬೆರೆಸಿ ಸುಟ್ಟು ಗಟ್ಟಿ ಮಾಡಬೇಕು. ಅಂಥ ಸಿಂಟರ್ ಘಟಕಗಳು ನಮ್ಮಲ್ಲಿ ಕಡಿಮೆ ಇದ್ದ ಕಾಲಕ್ಕೆ ಪುಡಿಯ ಬಹುಪಾಲು ಗಣಿಯಂಚಿನಲ್ಲೇ ರಾಶಿ ಬೀಳುತ್ತಿತ್ತು. ಚೀನಾದಲ್ಲಿ ಅವು ಹೇರಳ. 2003ರಿಂದ 2008ರ ಬೀಜಿಂಗ್ ಒಲಿಂಪಿಕ್ಸ್‌ವರೆಗೆ ಅಲ್ಲಿ ಕಟ್ಟಡ, ರೈಲು, ಕಾರ್ಖಾನೆ ಏಳುತ್ತಾ ಹೋದಂತೆ ಟನ್ನಿಗೆ ಕೆಲವೇ ಹತ್ತು ಡಾಲರ್ ಇದ್ದ ಅದಿರು ನೂರು ದಾಟಿತು. ಸರ್ಕಾರಕ್ಕೆ ಸಲ್ಲುವ ರಾಜಧನ ಮಾತ್ರ 2009ರ ಆಗಸ್ಟ್‌ವರೆಗೂ ಟನ್ನಿಗೆ ಇಷ್ಟು ರೂಪಾಯಿ ಎಂದು ಗೊತ್ತುಪಡಿಸಿದ ಸಣ್ಣ ಮೊತ್ತವೇ ಆಗಿತ್ತು. ಮಾರಾಟ ಬೆಲೆಯ ಶೇ 10 ಎಂದಾದದ್ದು ಆಮೇಲೆ. ಹೀಗೆ ಬೆಲೆಯೇರಿಕೆಯ ಲಾಭವೆಲ್ಲ ಅಗೆದವನಿಗೆ, ಸಾಗಿಸಿದವನಿಗೆ ಉಳಿಯಿತು. ಹಳೆಯ ಡಂಪ್‌ಗಳನ್ನು (ಅದಿರಿನ ಮೇಲಿಂದ ತೆಗೆದು ಸುರಿದ ಮಣ್ಣುಕಲ್ಲಿನ ಗುಡ್ಡೆಗಳನ್ನು) ಮತ್ತೆ ಕೆದಕಿದರು, ಪಟ್ಟಾ ಜಮೀನಿನ ಮೇಲ್ಮಣ್ಣು ತೆಗೆದು ಅದಿರು ಹೆಕ್ಕಿದರು. ಹಿಡಿದು ನಿಂತಿದ್ದ ನೆಲವೆಲ್ಲ ಸಡಿಲವಾಯಿತು.

ಇನ್ನು ನೀರಿನ ಲೆಕ್ಕ. ಡಂಪಿನಲ್ಲಿ ಲಾರಿಯಿಂದ ಸುರಿದ ಸಡಿಲ ಮಣ್ಣು ತಾನಾಗಿ ನಿಲ್ಲುವ ಓರೆ ಸುಮಾರು 37 ಡಿಗ್ರಿ. ಅಂದರೆ ಒಣಗಿದ್ದಾಗಲೇ ಅದು ಜಾರುವ ಅಂಚಿನಲ್ಲಿರುತ್ತದೆ, ಒದ್ದೆಯಾದರೆ ಇಳಿಯುತ್ತದೆ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಬೆಂಚ್ ಕಡಿದು ಓರೆ ತಗ್ಗಿಸಬೇಕು, ತೆಂಗಿನ ನಾರಿನ ಚಾಪೆ ಹಾಸಿ ಹುಲ್ಲು ಹಿಡಿಸಬೇಕು, ಬುಡಕ್ಕೆ ಕಲ್ಲಿನ ತಡೆಗೋಡೆ, ಗೋಡೆಗೆ ಹೊಂದಿ ಸುತ್ತುಗಾಲುವೆ, ಕಾಲುವೆ ಮುಗಿಯುವಲ್ಲಿ ಹೂಳುಗುಂಡಿ ಬೇಕು. ಇದರಲ್ಲಿ ಸೋಲುವುದು ಹೆಚ್ಚಾಗಿ ಹೂಳುಗುಂಡಿಯೇ, ಅದೂ ಗಾತ್ರದ ಕಾರಣಕ್ಕೆ.

ಒಂದು ಹೆಕ್ಟೇರ್ ಡಂಪಿನ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿತ್ತು ಎಂದುಕೋ. ಅದು 500 ಘನ ಮೀಟರ್ ನೀರು. ಅರ್ಧ ಇಂಗಿದರೂ 250 ಹರಿದು ಬರುತ್ತದೆ. ಗುಂಡಿ 10 ಮೀಟರ್ ಉದ್ದ, 5 ಅಗಲ, 2 ಆಳ ಇದ್ದರೆ ಅದು ಹಿಡಿಯುವುದು 100. ಅಂದರೆ ನೀರು ಅಲ್ಲಿ ನಿಲ್ಲುವುದು 24 ನಿಮಿಷ. ಗುಂಡಿ ಅರ್ಧ ಹೂಳು ತುಂಬಿಕೊಂಡಿದ್ದರೆ 12 ನಿಮಿಷ. ಹೆಮಟೈಟ್‌ನ 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಒಂದು ನಿಮಿಷ ಸಾಕು. 10 ಮೈಕ್ರಾನ್ ಕಣಕ್ಕೆ ಒಂದು ಗಂಟೆಯ ಮೇಲೆ ಬೇಕು, 1 ಮೈಕ್ರಾನ್ ಕಣಕ್ಕೆ ಐದು ದಿನ. ಮರಳಿನಂಥದ್ದು ಗುಂಡಿಯಲ್ಲಿ ಉಳಿಯುತ್ತದೆ, ಹಿಟ್ಟಿನಂಥದ್ದು ದಾಟಿ ಹೋಗುತ್ತದೆ. ಕೆರೆಯ ತಳಕ್ಕೆ ಮೆತ್ತಿಕೊಳ್ಳುವುದು, ಹೊಲದಲ್ಲಿ ಕೆಂಪು ಪೊರೆ ಕಟ್ಟಿ ನೀರಿಂಗಲು ಬಿಡದಿರುವುದು ಈ ಹಿಟ್ಟೇ. ಆದ್ದರಿಂದ ಒಂದು ದೊಡ್ಡ ಚೆಕ್ ಡ್ಯಾಂಗಿಂತ ಸಾಲಾಗಿ ಮೂರ್ನಾಲ್ಕು ಗುಂಡಿ ಮೇಲು. ಜೂನ್ ಒಳಗೆ ಅವನ್ನು ಬಳಿದಿರಬೇಕು, ದೊಡ್ಡ ಮಳೆ ಆದಾಗೆಲ್ಲ ಮತ್ತೆ ಬಳಿಯಬೇಕು. ಬಳಿದ ಹೂಳನ್ನು ಗುಂಡಿಯ ದಂಡೆಗೇ ಎಸೆದರೆ ಮುಂದಿನ ಮಳೆಗೆ ಅದು ಮತ್ತೆ ಒಳಗೇ ಇಳಿಯುತ್ತದೆ. ಇದನ್ನು ನೋಡಿದ ಕೂಡಲೇ ನಿಲ್ಲಿಸು.

ತುಂಗಭದ್ರಾ ಜಲಾಶಯದ ಮಾತನ್ನೂ ಎತ್ತಿದ್ದೀಯ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸು. ಆ ಹೂಳನ್ನೆಲ್ಲ ಗಣಿಯ ತಲೆಗೆ ಕಟ್ಟಬೇಡ. ಮಲೆನಾಡಿನಿಂದ ಹಿಡಿದು ಬಯಲಿನವರೆಗಿನ ಮಣ್ಣೂ ಅಲ್ಲಿದೆ. ಸಭೆಯಲ್ಲಿ ಹಾಗೆ ವಾದಿಸಿದರೆ ನಿನ್ನ ಉಳಿದ ಮಾತಿನ ತೂಕವೂ ಹೋಗುತ್ತದೆ.

ಇದೇ ಪುಡಿ ಹಡಗಿನಲ್ಲೂ ನೀರಿನ ಜೊತೆ ಸೇರಿ ಕೆಡುಕು ಮಾಡುತ್ತದೆ. ಬಯಲಲ್ಲಿ ಮಳೆಗೆ ನೆನೆದ ರಾಶಿಯನ್ನು ಹಡಗಿಗೆ ತುಂಬಿದರೆ, ಎಂಜಿನ್ನಿನ ನಡುಕಕ್ಕೆ, ಅಲೆಯ ಹೊಡೆತಕ್ಕೆ ಕಣಗಳು ಒತ್ತಾಗಿ ನಡುವಿನ ನೀರು ಒತ್ತಡಕ್ಕೆ ಸಿಕ್ಕಿ, ಒಣಗಿದಂತೆ ಕಂಡ ರಾಶಿ ಗಂಜಿಯಂತೆ ಒಂದು ಮಗ್ಗುಲಿಗೆ ಹರಿಯುತ್ತದೆ. 2009ರ ಜುಲೈನಲ್ಲಿ ಮಂಗಳೂರಿನಿಂದ ಅದಿರು ಪುಡಿ ತುಂಬಿ ಹೊರಟ ಏಷಿಯನ್ ಫಾರೆಸ್ಟ್ ಎಂಬ ಹಡಗು ಹೀಗೆ ವಾಲಿ ಮುಳುಗಿತು. ಹಡಗಿನವರ ಸರಳ ಪರೀಕ್ಷೆ ಹೀಗಿದೆ: ಅರ್ಧದಿಂದ ಒಂದು ಲೀಟರ್ ಡಬ್ಬಿಗೆ ಅರ್ಧದಷ್ಟು ಪುಡಿ ತುಂಬಿ, 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟುವುದು. ಮೇಲೆ ನೀರು ಜಿನುಗಿದರೆ ಅಥವಾ ಪುಡಿ ಕೆಸರಾದರೆ ಲ್ಯಾಬಿನಲ್ಲಿ ತೇವಾಂಶ ನೋಡದೆ ತುಂಬುವಂತಿಲ್ಲ.

ಕಾನೂನಿನ ಕಥೆ ನಿನಗೆ ಗೊತ್ತು. 2010ರ ಜುಲೈನಲ್ಲಿ ರಾಜ್ಯ ರಫ್ತು ತಡೆಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪು ಅಕ್ರಮ ಅತಿ ಹೆಚ್ಚು ಕಂಡ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಜಿಲ್ಲೆಗೆ ಆಗ ಇದ್ದ ವರ್ಷಕ್ಕೆ 2.5 ಕೋಟಿ ಟನ್ ಮಿತಿ 2022ರ ಆಗಸ್ಟ್‌ನಲ್ಲಿ 3.5 ಕೋಟಿಗೆ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ರಫ್ತಿಗೂ ಕೋರ್ಟ್ ಬಾಗಿಲು ತೆರೆಯಿತು; ನವೆಂಬರ್‌ನಲ್ಲಿ ಕೇಂದ್ರ, ಶೇ 58ಕ್ಕಿಂತ ಕಡಿಮೆ ಕಬ್ಬಿಣಾಂಶದ ಪುಡಿಯ ಮೇಲಿನ ರಫ್ತು ಸುಂಕ ತೆಗೆಯಿತು. ಬಡ ಅದಿರಿಗೆ ಬೆಲೆ ಬಂದರೆ ಹಳೆಯ ಡಂಪ್ ಕೆದಕುವ ಆಸೆ ಮತ್ತೆ ಹುಟ್ಟುತ್ತದೆ. ನೀನು ಕಣ್ಣಿಡಬೇಕಾದ್ದು ಅಲ್ಲಿ.

ಪ್ರತಿ ಗುತ್ತಿಗೆಗೂ ಕೋರ್ಟ್ ಆದೇಶದಂತೆ ಮಾಡಿದ ಪುನಶ್ಚೇತನ ಯೋಜನೆ ಇದೆ, ಆರ್ ಅಂಡ್ ಆರ್ ಪ್ಲಾನ್ ಎನ್ನುತ್ತಾರೆ. ನಿನ್ನ ಕೆರೆಯ ಮೇಲ್ಭಾಗದ ಗುತ್ತಿಗೆಗಳ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ತೆಗೆದುಕೋ. ತಡೆಗೋಡೆ, ಗುಂಡಿ, ಚೆಕ್ ಡ್ಯಾಂ ಎಲ್ಲೆಲ್ಲಿ, ಯಾವ ಅಳತೆಯಲ್ಲಿ ಇರಬೇಕೆಂದು ಅದರಲ್ಲಿರುತ್ತದೆ. ನಕ್ಷೆ ಹಿಡಿದು ಮೇ ತಿಂಗಳಲ್ಲೇ ಕಾರ್ಯದರ್ಶಿಯನ್ನು ಕರೆದುಕೊಂಡು ಹಳ್ಳದಗುಂಟ ನಡೆ.

ಮಳೆ ಬಂದ ದಿನ, ಹರಿವು ಶುರುವಾಗಿ ಕಾಲು ಗಂಟೆಯ ಮೇಲೆ, ಕೊನೆಯ ಚೆಕ್ ಡ್ಯಾಂ ಕೆಳಗೆ ಒಂದು ಅಡಿ ಎತ್ತರದ ಪಾರದರ್ಶಕ ಬಾಟಲಿಯಲ್ಲಿ ನೀರು ಹಿಡಿ. ಗಣಿಯ ನೀರು ಸೇರುವುದಕ್ಕಿಂತ ಮೇಲಿನ ಹಳ್ಳದಿಂದಲೂ ಒಂದು ಹಿಡಿ, ಹೋಲಿಸಲು ಬೇಕು. ಎರಡಕ್ಕೂ ಜಾಗ, ದಿನ, ಗಂಟೆ ಬರೆದು ಚೀಟಿ ಅಂಟಿಸು, ಅಲ್ಲಾಡಿಸಿ ನಿಲ್ಲಿಸಿ ಫೋಟೊ ತೆಗೆ. ಒಂದು ನಿಮಿಷದೊಳಗೆ ತಳದಲ್ಲಿ ದಪ್ಪ ಪದರ ಕೂತರೆ ಗುಂಡಿ ಬಳಿದಿಲ್ಲ, ಇಲ್ಲವೇ ಗೋಡೆ ಒಡೆದಿದೆ ಎಂದರ್ಥ; ಮರುದಿನವೂ ನೀರು ಕೆಂಪಗೇ ಇದ್ದರೆ ಗುಂಡಿ ಸಾಲದಾಗಿದೆ. ಫೋಟೊಗಳನ್ನು ನನಗೆ ಕಳಿಸು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುವ ಅರ್ಜಿಯನ್ನು ಕೂತು ಬರೆಯೋಣ.

ನಿನ್ನ ಗೆಳೆಯ